ಬಾಡಿಗೆಗೆ ಬಂದ ತಂಗಿ ಮಗಳು

ಬಿಡದಿಯಲ್ಲಿ ರೈಲು ನಿಲ್ದಾಣದ ಹಿಂದಿರುವ ಆ ಮೂರಂತಸ್ತಿನ ಕಟ್ಟಡವನ್ನು ಎಲ್ಲರೂ ಅಪಾರ್ಟ್‌ಮೆಂಟ್ ಅನ್ನುತ್ತಾರೆ. ಲಿಫ್ಟಿಲ್ಲ, ಕಾರು ನಿಲ್ಲಿಸಲು ಜಾಗವಿಲ್ಲ, ಜೋರು ಮಳೆ ಬಂದರೆ ಮೆಟ್ಟಿಲ ಮೇಲೆಲ್ಲ ನೀರು. ಆದರೂ ಅಪಾರ್ಟ್‌ಮೆಂಟೇ ಅನ್ನಿ. ಅದರ ಎರಡನೇ ಮಹಡಿಯ ಮೂಲೆ ಮನೆಯಲ್ಲಿ ಬೋರಮ್ಮ ಹದಿನೇಳು ವರ್ಷ ಬಾಡಿಗೆಗಿದ್ದಳು. ಮಿಕ್ಕ ಏಳು ಮನೆಗಳಿಗೆ ಎಷ್ಟೋ ಜನ ಬಂದರು, ಎಷ್ಟೋ ಜನ ಗಂಟುಮೂಟೆ ಕಟ್ಟಿದರು. ಬೋರಮ್ಮ ಮಾತ್ರ ಕದಲಲಿಲ್ಲ. ಅವಳ ಬಾಯಿಗೆ ಹೆದರಿ ಆ ಮಹಡಿಯಲ್ಲಿ ಯಾರೂ ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಿರಲಿಲ್ಲ.

ಆ ಮನೆಯೇನು ಅವಳಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಬೋರಮ್ಮ ಕನಕಪುರದಾಚೆಯ ಉಯ್ಯಂಬಳ್ಳಿಯವಳು. ಅವಳ ಗಂಡ ಆ ಕಟ್ಟಡ ಏಳುವಾಗ ಕಾವಲಿಗಿದ್ದ. ಅವನು ಸಿಮೆಂಟಿನ ಚೀಲಗಳ ಪಕ್ಕ ಮಲಗಿ ಎರಡು ವರ್ಷ ಕಾದ, ಇವಳು ಕೊಡ ಹೊತ್ತು ಗೋಡೆಗಳಿಗೆ ನೀರು ಹಾಕಿದಳು. ಕಟ್ಟಿಸಿದವರು ರಾಮನಗರದ ದಾಸಪ್ಪನವರು. ಕೆಲಸ ಮುಗಿದ ಮೇಲೆ ಮೂಲೆ ಮನೆಯನ್ನು ಈ ಗಂಡಹೆಂಡಿರಿಗೆ ಕಡಿಮೆ ಬಾಡಿಗೆಗೆ ಕೊಟ್ಟು, ಬೋರಮ್ಮ ಇರುವವರೆಗೂ ಅದು ಬೋರಮ್ಮನ ಮನೆ ಎಂದು ನಾಲ್ಕು ಜನರ ಎದುರಿಗೆ ಹೇಳಿದರು. ಆಮೇಲೆ ದಾಸಪ್ಪನವರು ತೀರಿಕೊಂಡರು, ಗಂಡನೂ ತೀರಿಕೊಂಡ. ಮಕ್ಕಳಿರಲಿಲ್ಲ. ಆ ಮಾತೊಂದು ಉಳಿಯಿತು, ಆ ಮನೆಯೊಂದು ಉಳಿಯಿತು.

ದಾಸಪ್ಪನವರ ಮಗ ಅನಂತರಾಜು ರೇಷ್ಮೆ ನೂಲಿನ ವ್ಯಾಪಾರಿ. ಅಪ್ಪನ ಮಾತಿಗೆ ಬೆಲೆ ಕೊಟ್ಟು ಬೋರಮ್ಮನನ್ನು ಏಳಿಸಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವನೇ. ಆದರೆ ಹನ್ನೊಂದು ತಿಂಗಳಿಗೊಮ್ಮೆ ತಪ್ಪದೆ ಹೊಸ ಕರಾರು ಪತ್ರ ಮಾಡಿಸುತ್ತಿದ್ದ, ಪ್ರತಿ ಸಲವೂ ಪೂರ್ತಿ ಓದಿ ಹೇಳಿಯೇ ಅವಳ ಕೈಯಲ್ಲಿ ರುಜು ಹಾಕಿಸುತ್ತಿದ್ದ. ಮನೆಯನ್ನಾಗಲೀ ಅದರ ಯಾವುದೇ ಕೋಣೆಯನ್ನಾಗಲೀ ಬೇರೆಯವರಿಗೆ ಒಳಬಾಡಿಗೆಗೆ ಕೊಡಕೂಡದು, ಕೊಟ್ಟರೆ ತಕ್ಷಣ ಮನೆ ಖಾಲಿ ಮಾಡಬೇಕು ಎಂಬ ಸಾಲು ಬಂದಾಗ ಕನ್ನಡಕದ ಮೇಲಿಂದ ಒಂದು ಸಲ ನೋಡುತ್ತಿದ್ದ. ಅಯ್ಯೋ, ನನ್ನ ಮನೆಗೆ ಯಾರು ಬರ್ತಾರೆ ಬುಡಿ ಅನ್ನುತ್ತಿದ್ದಳು ಬೋರಮ್ಮ.

ಬಂದರು. ಐದು ವರ್ಷದ ಹಿಂದೆ ಬಂದರು. ಬೋರಮ್ಮ ಆಗ ಹೆದ್ದಾರಿ ಬದಿಯ ಒಂದು ತಟ್ಟೆ ಇಡ್ಲಿ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕಿದ್ದಳು. ಕಾರ್ಖಾನೆಗಳು ಹೆಚ್ಚಿದಂತೆ ಬಿಡದಿಯಲ್ಲಿ ಬಾಡಿಗೆಗಳೂ ಏರಿದ್ದವು, ಅನಂತರಾಜುವೂ ಏರಿಸಿದ್ದ. ಅವಳ ಸಂಬಳದಲ್ಲಿ ಬಾಡಿಗೆ ಕೊಟ್ಟರೆ ಉಳಿಯುವುದು ಹೋಟೆಲಿನ ಇಡ್ಲಿಯೇ. ಆ ಹೊತ್ತಿಗೆ ಸರಿಯಾಗಿ ಭಾನುಪ್ರಿಯ ಸಿಕ್ಕಿದಳು. ಹೊಂಗನೂರಿನ ಹುಡುಗಿ, ಗಾರ್ಮೆಂಟಿನಲ್ಲಿ ಹೊಲಿಗೆ. ಗಂಡ ಲೋಕೇಶ ಕಾರು ಕಾರ್ಖಾನೆಗೆ ಬಿಡಿಭಾಗ ಕೊಡುವ ಒಂದು ಕಂಪನಿಯಲ್ಲಿ ಕಾಂಟ್ರಾಕ್ಟು. ಮನೆಯವರನ್ನು ಧಿಕ್ಕರಿಸಿ ಮದುವೆಯಾಗಿದ್ದರು. ಎಲ್ಲಿ ಮನೆ ಕೇಳಿದರೂ ದೊಡ್ಡ ಅಡ್ವಾನ್ಸು, ಮೇಲೆ ಹಿರಿಯರು ಯಾರಾದರೂ ಬಂದು ಮಾತಾಡಲಿ ಅನ್ನುವ ಷರತ್ತು. ಎಲ್ಲಿಂದ ತರುತ್ತಾರೆ ಹಿರಿಯರನ್ನ? ಇಡ್ಲಿ ತಿನ್ನುತ್ತ ತಿನ್ನುತ್ತ ಆ ಹುಡುಗಿ ಅತ್ತುಬಿಟ್ಟಿತು. ಬೋರಮ್ಮ ನೋಡಿದಳು, ಬೈದಳು, ಕಣ್ಣೊರೆಸಿಕೊಳ್ಳಲು ಹೇಳಿದಳು, ಸಾಯಂಕಾಲ ಮನೆಗೆ ಕರೆತಂದು ಸಣ್ಣ ರೂಮು ತೋರಿಸಿದಳು. ಇದರಲ್ಲಿ ಅರ್ಧ ಕರುಣೆ, ಅರ್ಧ ಗರಜು. ಪೂರ್ತಿ ಕರುಣೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ತಿಂಗಳು ಕಳೆದಿರಲಿಲ್ಲ, ನೀರಿನ ಟ್ಯಾಂಕ್ ಸೋರುತ್ತಿದೆ ಅಂತ ಅನಂತರಾಜು ನೋಡಲು ಬಂದ. ಬಾಲ್ಕನಿಯಲ್ಲಿ ಗಂಡಸಿನ ಪ್ಯಾಂಟು ಒಣಗುತ್ತಿತ್ತು, ಒಳಗೆ ಭಾನುಪ್ರಿಯ ತರಕಾರಿ ಹೆಚ್ಚುತ್ತ ಕೂತಿದ್ದಳು. ಇವರ್ಯಾರು ಅಂತ ಅವನು ಕೇಳಿ ಮುಗಿಸುವ ಮೊದಲೇ ಬೋರಮ್ಮನ ಬಾಯಿಂದ ಮಾತು ಬಂದುಬಿಟ್ಟಿತ್ತು.

"ನನ್ ತಂಗಿ ಮಗಳು ಕಣಪ್ಪ. ಅಳಿಯಂಗೆ ಇಲ್ಲೇ ಕೆಲ್ಸ. ನನ್ಗೂ ಒಬ್ಳಿಗೇ ಬೇಜಾರು, ಇರ್ಲಿ ಅಂದೆ."

ಅನಂತರಾಜು ಮುಖ ಸಡಿಲಿಸಿದ. ಸಂಬಂಧದವರಾದರೆ ತನ್ನ ಅಭ್ಯಂತರವೇನಿಲ್ಲ, ಬಾಡಿಗೆಗೆ ಇಟ್ಟುಕೊಂಡರೆ ಮಾತ್ರ ಸರಿಹೋಗುವುದಿಲ್ಲ ಅಂದ, ಕಾಫಿ ಕುಡಿದ, ಹೋದ. ಬೋರಮ್ಮನಿಗೆ ಒಬ್ಬಳು ತಂಗಿ ಇದ್ದದ್ದು ನಿಜ, ಚಿಕ್ಕತಾಯಮ್ಮ ಅಂತ. ಮದುವೆಯಾಗಿ ಎರಡು ವರ್ಷಕ್ಕೆ, ಮಕ್ಕಳಾಗುವ ಮೊದಲೇ ಸತ್ತಳು. ಸತ್ತವಳಿಗೆ ಒಂದು ಮಗಳನ್ನು ಹುಟ್ಟಿಸಿದ್ದಕ್ಕೆ ಅವತ್ತು ರಾತ್ರಿ ಬೋರಮ್ಮನಿಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಬೆಳಗಾದ ಮೇಲೆ ಇಳಿಯಿತು.

ಸುಳ್ಳು ಹೇಳುವುದು ಒಂದು ದಿನದ ಕೆಲಸ, ಬಾಳಿಸುವುದು ದಿನಾ ಕೆಲಸ. ಕಟ್ಟಡದ ಎಲ್ಲರಿಗೂ ಅದನ್ನೇ ಹೇಳಬೇಕಾಯಿತು. ಎದುರು ಮನೆಯ ಅಮೀರುನ್ನೀಸಾಗೂ ಅದನ್ನೇ ಹೇಳಿದಳು. ಅಮೀರುನ್ನೀಸಾ ಮನೆಯಲ್ಲೇ ಬಳೆ ವ್ಯಾಪಾರ ಮಾಡುವವಳು, ಬೋರಮ್ಮನ ಗಂಡ ಸತ್ತಾಗ ಮೂರು ದಿನ ಅನ್ನ ಮಾಡಿ ತಂದಿಟ್ಟವಳು. ಅವಳ ಹತ್ತಿರ ಮುಚ್ಚಿಡಬಾರದಿತ್ತು. ಆದರೆ ಒಂದು ಬಾಯಿಗೆ ಹೋದದ್ದು ಹತ್ತು ಬಾಯಿಗೆ ಹೋಗುತ್ತದೆ ಎಂಬ ಭಯ. ಭಾನುಪ್ರಿಯ ದೊಡ್ಡಮ್ಮ ಅನ್ನಲು ಶುರುಮಾಡಿದಳು. ಮೊದಮೊದಲು ಬಾಗಿಲು ತೆರೆದಿದ್ದಾಗ ಮಾತ್ರ ಅನ್ನುತ್ತಿದ್ದವಳು, ಆಮೇಲೆ ಬಾಗಿಲು ಮುಚ್ಚಿದ್ದಾಗಲೂ ಅಂದಳು. ಬೋರಮ್ಮನಿಗೆ ಅದು ಹಿಡಿಸಿತು. ಹಿಡಿಸಿತು ಅಂತ ಯಾರಿಗೂ ತೋರಿಸಿಕೊಳ್ಳಲಿಲ್ಲ, ಅಷ್ಟೇ.

ಮೂರನೇ ವರ್ಷಕ್ಕೆ ಭಾನುಪ್ರಿಯ ಬಸುರಿಯಾದಳು. ಏಳು ತುಂಬಿದಾಗ ಕಟ್ಟಡದ ಹೆಂಗಸರೆಲ್ಲ ಬೋರಮ್ಮನನ್ನು ಹಿಡಿದುಕೊಂಡರು. ತಾಯಿ ಇಲ್ಲದ ಹುಡುಗಿ, ದೊಡ್ಡಮ್ಮನಾದ ನೀವು ಬಳೆ ತೊಡಿಸಿ ಮಡಿಲು ತುಂಬದೆ ಇನ್ಯಾರು ತುಂಬುತ್ತಾರೆ ಅಂತ. ಆ ಹುಡುಗಿಯ ತಾಯಿ ಹೊಂಗನೂರಿನಲ್ಲಿ ಗಟ್ಟಿಮುಟ್ಟಾಗಿ ಇದ್ದಳು, ಮಗಳ ಮುಖ ನೋಡುವುದಿಲ್ಲ ಅಂತ ಕೂತಿದ್ದಳು, ಅದು ಬೇರೆ. ಬೋರಮ್ಮ ಚೀಟಿ ಎತ್ತಿ ಹಸಿರು ಸೀರೆ ತಂದಳು, ಐದು ಥರದ ಅನ್ನ ಕಲಸಿದಳು. ಅಮೀರುನ್ನೀಸಾ ತಾನೇ ಬಂದು ಹಸಿರು ಗಾಜಿನ ಬಳೆ ತೊಡಿಸಿ, ಕಾಸು ಕೊಡಹೋದರೆ ಕೈ ತಳ್ಳಿದಳು. ಪಕ್ಕದಲ್ಲಿ ಕೂತ ಬೋರಮ್ಮ ಎಲ್ಲರೆದುರೇ ಗೊಳೋ ಅಂತ ಅತ್ತಳು. ನಾಟಕಕ್ಕೆ ಅತ್ತದ್ದಲ್ಲ ಅದು. ನಾಟಕವಾಗಿದ್ದರೆ ಇವತ್ತು ಈ ಕಥೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಬಾಣಂತನವನ್ನೂ ಅವಳೇ ಮಾಡಿದಳು. ಹೋಟೆಲಿಗೆ ಎರಡು ತಿಂಗಳು ರಜೆ ಹಾಕಿ ಎಣ್ಣೆ ತಿಕ್ಕಿದಳು, ಹಂಡೆ ಹಂಡೆ ನೀರು ಹೊಯ್ದಳು, ಬೆಳ್ಳುಳ್ಳಿ ಸಾರು ಕುಡಿಸಿದಳು, ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿದಳು. ಆ ಎರಡು ತಿಂಗಳು ರೂಮಿನ ಬಾಡಿಗೆಯನ್ನು ಲೋಕೇಶ ಕೊಡಲಿಲ್ಲ, ಇವಳು ಕೇಳಲಿಲ್ಲ. ಮಗಳ ಬಾಣಂತನಕ್ಕೆ ಯಾರಾದರೂ ಬಾಡಿಗೆ ಕೇಳುತ್ತಾರೆಯೇ?

ಹೀಗಿರುವಾಗ ಹೋದ ವರ್ಷ ಬೋರಮ್ಮ ಹೋಟೆಲಿನಲ್ಲಿ ಹಿಟ್ಟು ಚೆಲ್ಲಿದ ನೆಲದ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಮೂರು ತಿಂಗಳು ಮೆಟ್ಟಿಲು ಹತ್ತಬಾರದು ಅಂದರು ಡಾಕ್ಟರು. ಉಯ್ಯಂಬಳ್ಳಿಯಿಂದ ತಮ್ಮ ಬಂದು ಕಾರು ಮಾಡಿ ಕರೆದುಕೊಂಡು ಹೋದ. ಹೊರಡುವಾಗ ಬೀಗದ ಕೈಗೊಂಚಲನ್ನು ಭಾನುಪ್ರಿಯಳ ಕೈಗಿಟ್ಟು, ನೀರು ಬರುವ ದಿನ ಡ್ರಮ್ಮು ತುಂಬಿಸು, ದೀಪ ತಪ್ಪಿಸಬೇಡ ಅಂತ ಹೇಳಿದಳು. ಹುಡುಗಿ ಕಾರಿನ ಕಿಟಕಿ ಹಿಡಿದುಕೊಂಡು ಅತ್ತಿತು. ಅಳು ಸುಳ್ಳು ಅಂತ ಬೋರಮ್ಮ ಇವತ್ತಿಗೂ ಹೇಳುವುದಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅನಂತರಾಜುವಿನ ಫೋನು ಬಂತು. ಕರಾರು ಮುಗಿದು ಹದಿನೈದು ದಿನವಾಯಿತು, ಮಗಳು ಅಳಿಯ ಬಂದು ಎದುರಿಗೇ ಕೂತಿದ್ದಾರೆ, ನಿಮಗೆ ಓಡಾಡಲು ಆಗುವುದಿಲ್ಲವಂತೆ, ಹೊಸ ಪತ್ರವನ್ನು ಮಗಳ ಹೆಸರಿಗೇ ಮಾಡಿಬಿಡಲೇ ಅಂತ ಕೇಳಿದ. ಬೋರಮ್ಮ ಗೋಡೆ ಹಿಡಿದು ಎದ್ದು ಕೂತಳು. ಬೇಡ, ನಾನೇ ಬರುವವರೆಗೆ ತಡೆಯಿರಿ ಅನ್ನಬೇಕೆಂದು ನಾಲಿಗೆ ತುದಿಗೆ ಬಂತು. ಆದರೆ ಬೇಡ ಅಂದರೆ ಯಾಕೆ ಅನ್ನುತ್ತಾನೆ. ಸ್ವಂತ ಮಗಳಾದರೆ ಯಾವ ತಾಯಿ ಬೇಡ ಅಂದಾಳು? ಯಾರೋ ಚಾಡಿ ಹೇಳಿರಬೇಕು, ಇವನು ನನ್ನ ಬಾಯಿ ಬಿಡಿಸಲು ನೋಡುತ್ತಿದ್ದಾನೆ ಅಂದುಕೊಂಡಳು. ಹಿಂದೆ ಮುಂದೆ ನೋಡದೆ ಅಂದುಬಿಟ್ಟಳು:

"ಅವ್ಳು ಬ್ಯಾರೆ ನಾನು ಬ್ಯಾರೆಯಾ ಅನಂತಪ್ಪ? ಇಬ್ರೂ ಒಂದೇ ಅಲ್ವಾ. ಮಾಡ್ಕೊಡಿ."

ಫೋನಿಟ್ಟ ಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹನ್ನೊಂದೇ ತಿಂಗಳು, ಮುಂದಿನ ಸಲ ನನ್ನ ಹೆಸರಿಗೆ ಬರುತ್ತದೆ, ನಾನೇ ಬಾಣಂತನ ಮಾಡಿದ ಹುಡುಗಿ ಬೇರೆ. ನಾದಿನಿಯ ಕೈಯಲ್ಲಿ ಒಂದು ಲೋಟ ಮಜ್ಜಿಗೆ ಕೇಳಿ ಕುಡಿದಳು.

ಮೂರು ತಿಂಗಳು ತುಂಬಿದ ಮೇಲೆ ಕೋಲು ಊರಿಕೊಂಡು ಎರಡು ಮಹಡಿ ಹತ್ತಿ ಬಂದಾಗ ಅವಳ ಮಂಚ ಸಣ್ಣ ರೂಮಿನಲ್ಲಿತ್ತು. ದೊಡ್ಡ ರೂಮಿಗೆ ಹೊಸ ಬೀರು ಬಂದಿತ್ತು. ನಡುಮನೆಯ ಗೋಡೆಯಲ್ಲಿದ್ದ ಅವಳ ಗಂಡನ ಫೋಟೊವನ್ನು ಒರೆಸಿ, ಹೂವನ್ನೂ ಹಾಕಿ, ಮಂಚದ ಪಕ್ಕದ ಕಿಟಕಿಯ ಮೇಲಿಟ್ಟಿದ್ದರು. ಪಾತ್ರೆಗಳೆಲ್ಲ ಗೋಣಿಚೀಲಕ್ಕೆ ಹೋಗಿ ಸಜ್ಜದ ಮೇಲೆ ಕೂತಿದ್ದವು. ಭಾನುಪ್ರಿಯ ಬಿಸಿನೀರು ಕಾಯಿಸಿ ಕೊಟ್ಟಳು, ಮುದ್ದೆ ಬಡಿಸಿದಳು, ಕಾಲು ನೋವು ಹೇಗಿದೆ ಅಂತ ವಿಚಾರಿಸಿದಳು. ಕಣ್ಣಿಗೆ ಕಣ್ಣು ಕೊಡಲಿಲ್ಲ. ಊಟ ಮುಗಿಸಿ ಬೋರಮ್ಮ ತನ್ನ ರೂಮು ತನಗೆ ಬಿಟ್ಟುಕೊಡಿ ಅಂದಳು. ಲೋಕೇಶ ಟೀವಿಯ ಸದ್ದು ತಗ್ಗಿಸಿದ. ಗಲಾಟೆಯಿಲ್ಲ, ಕೂಗಾಟವಿಲ್ಲ, ಬ್ಯಾಂಕಿನವರು ಮಾತಾಡಿದಷ್ಟು ಮೆತ್ತಗೆ ಮಾತಾಡಿದ.

"ಹೋಗಿ ಅಂತ ನಾವೇನ್ ಅಂದಿಲ್ವಲ್ಲ ದೊಡ್ಡಮ್ಮ. ಸಣ್ ರೂಮು ನಿಮ್ಗೇ. ಇಷ್ಟ್ ದಿನ ನಾವೇನ್ ಕೊಡ್ತಿದ್ವೋ ಅಷ್ಟ್ ಕೊಡಿ, ಸಾಕು."

ಬೋರಮ್ಮನಿಗೆ ಕೋಪ ನೆತ್ತಿಗೇರಿತು. ಅವಳು ಅವತ್ತು ಅಂದ ಮಾತುಗಳನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಲೋಕೇಶ ಕೇಳಿಸಿಕೊಂಡ, ಟೀವಿಯ ಸದ್ದು ಏರಿಸಿದ.

ಮಾರನೇ ದಿನ ಬಸ್ಸು ಹತ್ತಿ ರಾಮನಗರಕ್ಕೆ ಹೋದಳು. ಕೊಟ್ಟ ಮಾತಿನ ಮನೆ ಹೋಗುತ್ತಿರುವಾಗ ಸುಳ್ಳನ್ನು ಇನ್ನೂ ಕಟ್ಟಿಕೊಂಡು ಏನು ಮಾಡುವುದು? ಅನಂತರಾಜುವಿನ ಮುಂದೆ ಎಲ್ಲ ಬಿಚ್ಚಿ ಹೇಳಿದಳು. ಅವಳು ನನ್ನ ತಂಗಿ ಮಗಳಲ್ಲ, ಹೋಟೆಲಿನಲ್ಲಿ ಸಿಕ್ಕವಳು, ತಿಂಗಳಿಗಿಷ್ಟು ಅಂತ ಬಾಡಿಗೆಗೆ ಇಟ್ಟುಕೊಂಡಿದ್ದೆ, ತಪ್ಪಾಯಿತು, ಅವರನ್ನು ಏಳಿಸಿ, ನನ್ನ ಮನೆ ನನಗೆ ಕೊಡಿ, ಬೇಕಾದರೆ ಬಾಡಿಗೆ ಇನ್ನೂ ಏರಿಸಿ ಅಂದಳು. ಸಿಟ್ಟಾಗುತ್ತಾನೆ, ಬೈಯುತ್ತಾನೆ, ನನ್ನನ್ನೂ ಹೊರಗೆ ಹಾಕಿದರೂ ಹಾಕಬಹುದು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದಳು. ಅವನು ನಕ್ಕುಬಿಟ್ಟ.

ಅವನ ಅಮ್ಮನೂ ಅವನ ಅಕ್ಕನಿಗೆ ವಾರಕ್ಕೊಂದು ಸಲ ನೀನು ನನ್ನ ಮಗಳೇ ಅಲ್ಲ ಅನ್ನುತ್ತಿದ್ದರಂತೆ. ಮನೆ ಅಂದಮೇಲೆ ಇವೆಲ್ಲ ಇದ್ದದ್ದೇ ಅಂದ. ಬೇಕಾದರೆ ನನ್ನ ತಮ್ಮನನ್ನು ಕೇಳಿ ಅಂದರೆ, ಅಕ್ಕ ಹೇಳಿಕೊಟ್ಟದ್ದನ್ನೇ ತಮ್ಮ ಹೇಳುತ್ತಾನೆ ಅಂದ. ಬೋರಮ್ಮ ದೇವರ ಮೇಲೆ ಆಣೆ ಇಟ್ಟಳು. ಆಣೆ ಇಟ್ಟಷ್ಟೂ ಅವನು ಇದು ದೊಡ್ಡ ಜಗಳವೇ ಇರಬೇಕು ಅಂದುಕೊಂಡ. ಸಂಬಂಧ ಇದೆ ಅಂತ ತೋರಿಸಲು ಸರ್ಕಾರದವರು ನೂರು ಕಾಗದ ಕೊಡುತ್ತಾರೆ. ಇಲ್ಲ ಅಂತ ತೋರಿಸಲು ಯಾವ ಕಛೇರಿಯಲ್ಲಿ ಕಾಗದ ಸಿಗುತ್ತದೆ ಹೇಳಿ? ಕೊನೆಗೆ ಅನಂತರಾಜುವಿಗೆ ಹಿರಿತನ ಮಾಡುವ ಹುಮ್ಮಸ್ಸು ಬಂತು. ನಡೀರಿ, ಅಲ್ಲೇ ಬಂದು ಇತ್ಯರ್ಥ ಮಾಡುತ್ತೇನೆ ಅಂತ ತನ್ನ ಕಾರಿನಲ್ಲೇ ಬಿಡದಿಗೆ ಕರೆತಂದ.

ನಡುಮನೆಯಲ್ಲಿ ಎಲ್ಲರೂ ಕೂತರು. ಗಲಾಟೆ ಕೇಳಿ ಎದುರು ಮನೆಯಿಂದ ಅಮೀರುನ್ನೀಸಾ ಬಂದಳು, ಅವಳನ್ನೂ ಕೂರಿಸಿದ. ಈ ಹುಡುಗಿ ತನ್ನ ತಂಗಿ ಮಗಳಲ್ಲ ಅನ್ನುತ್ತಿದ್ದಾರೆ ಬೋರಮ್ಮ, ನಿಮಗೇನು ಗೊತ್ತು ಅಂತ ಅವಳನ್ನೇ ಕೇಳಿದ. ಅಮೀರುನ್ನೀಸಾ ಗೆಳತಿಯ ಮುಖವನ್ನು ತುಂಬ ಹೊತ್ತು ನೋಡಿದಳು.

"ಬಳೆ ತೊಡಿಸಿದ್ದು ನಾನೇ ಸಾರ್. ಅವತ್ತು ಬೋರಕ್ಕ ಅತ್ತಿದ್ದು ಕಣ್ಣಾರೆ ನೋಡಿದ್ದೀನಿ. ಬಾಡಿಗೆ ಹುಡುಗಿಗೆ ಯಾರಾದ್ರೂ ಹಂಗೆ ಅಳ್ತಾರಾ?"

ಬೋರಮ್ಮ ಅವಳ ಕೈ ಹಿಡಿದುಕೊಂಡು, ನಿನ್ನ ಹತ್ತಿರವೂ ಸುಳ್ಳು ಹೇಳಿದ್ದೆ ಕಣೇ, ನಿನಗೂ ಹೇಳಲಿಲ್ಲ ಅಂದಳು. ಅಮೀರುನ್ನೀಸಾ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಕೈಯಲ್ಲಿ ಬಿಸಿ ಇರಲಿಲ್ಲ. ನಂಬಿದರೆ ಇಷ್ಟು ವರ್ಷದ ಗೆಳೆತನ ಹೋಗುತ್ತದೆ, ನಂಬದಿದ್ದರೆ ಗೆಳತಿ ಹೋಗುತ್ತಾಳೆ.

ಅನಂತರಾಜು ಭಾನುಪ್ರಿಯಳ ಕಡೆ ತಿರುಗಿದ. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನೀನೇ ಹೇಳಮ್ಮ, ಏನಿದು ಅಂದ. ಬೋರಮ್ಮನೂ ನೋಡಿದಳು. ಲೋಕೇಶ ಏನೇ ಆಗಿರಲಿ, ಈ ಹುಡುಗಿ ಸುಳ್ಳು ಹೇಳಲಾರಳು, ನಾನು ಮೈ ತೊಳೆದ ಹುಡುಗಿ ಇದು, ಒಂದು ಸಲ ತಲೆ ಎತ್ತಿದರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತ ಜೀವ ಹಿಡಿದುಕೊಂಡು ಕೂತಳು. ಭಾನುಪ್ರಿಯ ತಲೆ ಎತ್ತಲಿಲ್ಲ. ಮಗುವಿನ ಕೂದಲನ್ನು ಸರಿಮಾಡುತ್ತಲೇ, ಒಳ್ಳೆ ಮಗಳು ಹೇಳುವಷ್ಟು ಮೆಲ್ಲಗೆ ಹೇಳಿದಳು.

"ಬಿದ್ದಾಗಿಂದ ದೊಡ್ಡಮ್ಮಂಗೆ ಒಸಿ ಮರೆವು ಸಾರ್. ಒಂದೊಂದ್ ಸಲ ನನ್ನ ಯಾರು ಅಂತಾನೇ ಕೇಳ್ತಾರೆ."

ಮನೆಯಲ್ಲಿದ್ದ ಎಲ್ಲರ ಮುಖವೂ ಒಟ್ಟಿಗೆ ಮೆತ್ತಗಾಯಿತು. ಅಮೀರುನ್ನೀಸಾಳಂತೂ ಯಾ ಅಲ್ಲಾ ಅಂತ ಉಸಿರುಬಿಟ್ಟು ಬೋರಮ್ಮನ ಬೆನ್ನು ಸವರಿದಳು, ಈಗ ಅವಳ ಕೈ ಬಿಸಿಯಾಗಿತ್ತು. ಅನಂತರಾಜು ಮೊದಲೇ ಹೇಳಬಾರದಿತ್ತೇನಮ್ಮ ಅಂತ ನೊಂದುಕೊಂಡ. ವಯಸ್ಸಾದವರನ್ನು ಚೆನ್ನಾಗಿ ನೋಡಿಕೊಳ್ಳಿ, ನಮ್ಮಪ್ಪ ಇಟ್ಟ ಮನುಷ್ಯರು ಇವರು, ಮೂಲೆಗೆ ತಳ್ಳಬೇಡಿ ಅಂತ ಲೋಕೇಶನಿಗೆ ಬುದ್ಧಿ ಹೇಳಿದ. ಲೋಕೇಶ ಹೂಂ ಸಾರ್, ಹೂಂ ಸಾರ್ ಅಂದ. ಹತ್ತು ಜನಕ್ಕೆ ತಿರುಗಿಸಿ ಬೈಯುವ ಬೋರಮ್ಮನ ಬಾಯಿಂದ ಅವತ್ತು ಒಂದು ಮಾತೂ ಹೊರಡಲಿಲ್ಲ. ಏನಂದರೂ ಹುಚ್ಚಿಯ ಮಾತೇ ಆಗುತ್ತಿತ್ತು, ಅದು ಅವಳಿಗೆ ಅಲ್ಲೇ ಅರ್ಥವಾಯಿತು.

ಒಂದು ವಾರ ಸಣ್ಣ ರೂಮಿನಲ್ಲಿದ್ದಳು. ಭಾನುಪ್ರಿಯ ತಟ್ಟೆ ತಂದಿಟ್ಟು ಹೋಗುತ್ತಿದ್ದಳು. ಒಂದು ದಿನ ಬಾಗಿಲಲ್ಲೇ ನಿಂತು, ನಮಗೆ ಎಲ್ಲೂ ಮನೆ ಸಿಗುತ್ತಿರಲಿಲ್ಲ ದೊಡ್ಡಮ್ಮ, ಪತ್ರ ನಿಮ್ಮ ಹೆಸರಲ್ಲೇ ಇದ್ದಿದ್ದರೆ ನೀವಿಲ್ಲದ ದಿನ ನಮ್ಮನ್ನು ಏಳಿಸುತ್ತಿದ್ದರು, ಮಗು ಕಟ್ಟಿಕೊಂಡು ಎಲ್ಲಿಗೆ ಹೋಗೋದು ಅಂದಳು. ಬೋರಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಆ ಹುಡುಗಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿಯಿತು. ತಿಂಗಳ ಮೊದಲ ತಾರೀಖು ಲೋಕೇಶ ಬಾಗಿಲು ತಟ್ಟುವ ಮೊದಲೇ, ಸಜ್ಜದ ಮೇಲಿನ ಗೋಣಿಚೀಲಗಳನ್ನೂ ಕೇಳದೆ, ಗಂಡನ ಫೋಟೊ ಮತ್ತು ನಾಲ್ಕು ಸೀರೆ ಚೀಲಕ್ಕೆ ತುರುಕಿಕೊಂಡು ಮೆಟ್ಟಿಲು ಇಳಿದಳು. ಅಮೀರುನ್ನೀಸಾ ಓಡಿ ಬಂದು, ಎಲ್ಲಿಗೆ ಹೊರಟಿರಿ ಬೋರಕ್ಕ, ದಾರಿ ನೆನಪಿರುತ್ತಾ ಅಂತ ಕೇಳಿದಳು. ಬೋರಮ್ಮ ಕೋಲು ಊರಿ ಮುಂದಿನ ಮೆಟ್ಟಿಲು ಇಳಿದಳು. ಅವಳು ಹಿಂದೆ ಕೊಟ್ಟಿದ್ದ ಅಡ್ವಾನ್ಸನ್ನು ಹೊಸ ಕರಾರಿನಲ್ಲಿ ಮಗಳ ಲೆಕ್ಕಕ್ಕೆ ಆಗಲೇ ಹಾಕಿಯಾಗಿತ್ತು, ಅದರ ಮಾತೂ ಎತ್ತಲಿಲ್ಲ.

ತಮ್ಮನ ಮನೆಗೆ ಹೋಗಬಹುದಿತ್ತು. ಮೂರು ತಿಂಗಳು ಮಲಗಿ ಉಂಡು ಬಂದ ಮನೆಗೆ ಇಷ್ಟು ಬೇಗ ಮತ್ತೆ ಚೀಲ ಹಿಡಿದು ಹೋಗಲು ಅವಳಿಗೆ ಮನಸ್ಸು ಬರಲಿಲ್ಲ. ಹೋಟೆಲಿಗೇ ಹೋದಳು. ನಿಂತು ಹಿಟ್ಟು ರುಬ್ಬುವ ಕಾಲು ಉಳಿದಿರಲಿಲ್ಲ. ಕೂತು ಈರುಳ್ಳಿ ಹೆಚ್ಚುವ, ಚಟ್ನಿ ತುಂಬುವ ಕೆಲಸ ಕೊಟ್ಟರು. ಅಲ್ಲಿ ಬಿಲ್ಲು ಹರಿಯುವ ಸುಚಿತ್ರಾ ಗಂಡನನ್ನು ಬಿಟ್ಟು ಒಬ್ಬಳೇ ಒಂದು ಮನೆ ಮಾಡಿಕೊಂಡಿದ್ದವಳು. ಅಡುಗೆಮನೆಯ ಪಕ್ಕ ಒಂದು ಚಾಪೆಯ ಜಾಗ ಇದೆ, ಕೈಲಾದಷ್ಟು ಕೊಡಿ, ಬನ್ನಿ ಅಂತ ಅವಳೇ ಕರೆದಳು. ಒಳ್ಳೆ ಮನಸ್ಸಿನ ಹುಡುಗಿ. ಚೀಲ ಇಳಿಸಿಕೊಟ್ಟು, ಕುಡಿಯಲು ನೀರು ಕೊಟ್ಟು, ಮೆಲ್ಲಗೆ ವಿಷಯಕ್ಕೆ ಬಂದಳು.

"ನಮ್ ಓನರಮ್ಮ ಕೆಳಗಡೆ ಮನೇಲೇ ಇರೋದು ಬೋರಕ್ಕ, ಒಸಿ ಕಿರಿಕ್ಕು. ಬಾಡಿಗೆಗೆ ಇಟ್ಕೊಂಡಿದೀನಿ ಅಂದ್ರೆ ಬುಡಲ್ಲ. ನಮ್ಮತ್ತೆ ಅಂತ ಹೇಳ್ತೀನಿ, ಆಯ್ತಾ?"

ಬೋರಮ್ಮ ಕುಡಿಯುತ್ತಿದ್ದ ಲೋಟವನ್ನು ಕೆಳಗಿಟ್ಟಳು.

"ಅತ್ತೆ ಗಿತ್ತೆ ಏನೂ ಬ್ಯಾಡ ಕಣವ್ವ. ಪಾತ್ರೆ ತಿಕ್ಕೋಕೆ ಇಟ್ಕೊಂಡಿರೋ ಹೆಂಗಸು ಅನ್ನು."

ಸುಚಿತ್ರಾಗೆ ನಾಚಿಕೆಯಾಯಿತು, ಆದರೂ ಓನರಮ್ಮ ಕೇಳಿದಾಗ ಹಾಗೆಯೇ ಹೇಳಿದಳು. ಓನರಮ್ಮ ಬೋರಮ್ಮನನ್ನೂ ಅವಳ ಕೋಲನ್ನೂ ಮೇಲಿಂದ ಕೆಳಗೆ ನೋಡಿ, ಹಾಗಾದರೆ ನಾಳೆಯಿಂದ ನಮ್ಮ ಮನೆ ಪಾತ್ರೆಗೂ ಬರಲಿ ಅಂದಳು. ಈಗ ಬೋರಮ್ಮ ದಿನಾ ಬೆಳಿಗ್ಗೆ ಹೋಟೆಲಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ ಪಾತ್ರೆ ತಿಕ್ಕಿ ಬರುತ್ತಾಳೆ.